ಸೆಲ್ಫ್ ಗುಂಡಿ ಒತ್ತಿದರೂ ಸದ್ದಿಲ್ಲ: ಹಳೆಯ ಬೈಕಿನ ಸ್ಟಾರ್ಟರ್ ಸ್ವಿಚ್ಚಿನ ದುರಸ್ತಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿರುವ ವಳಸಂಗ ಮತ್ತು ಅದರ ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ಅನೇಕ ವಿದ್ಯಾರ್ಥಿಗಳಿಗೆ ಹಳೆಯ ಬೈಕೇ ಆಧಾರ. ತಂದೆಯೋ ಅಣ್ಣನೋ ಹತ್ತು ಹದಿನೈದು ವರ್ಷ ಓಡಿಸಿದ ಮೇಲೆ ಮನೆಯ ಕಿರಿಯನ ಪಾಲಿಗೆ ಬಂದ ವಾಹನವದು. ಇಂಜಿನು ಗಟ್ಟಿಯಾಗಿರುತ್ತದೆ, ಆದರೆ ಸಣ್ಣಪುಟ್ಟ ಭಾಗಗಳು ಒಂದೊಂದಾಗಿ ಕೈಕೊಡುತ್ತವೆ. ಅವುಗಳಲ್ಲಿ ಬಹಳ ಸಲ ಮೊದಲು ಮುನಿಸಿಕೊಳ್ಳುವುದು ಹ್ಯಾಂಡಲಿನ ಬಲಬದಿಯ ಸೆಲ್ಫ್ ಸ್ಟಾರ್ಟ್ ಗುಂಡಿ.

ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನ ಅನುಭವದಿಂದಲೇ ಆರಂಭಿಸಬಹುದು. ಖಂಡೇನವಮಿಯ ದಿನ ಆತ ಬೈಕನ್ನು ಹೊಲದ ಪಂಪಿನ ನೀರಿನಿಂದ ಚೆನ್ನಾಗಿ ತೊಳೆದು, ಹ್ಯಾಂಡಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ ಪೂಜಿಸಿದ. ಹಬ್ಬ ಮುಗಿದ ಮೇಲೆ ಆಂತರಿಕ ಪರೀಕ್ಷೆಯ ಬೆಳಿಗ್ಗೆ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಆ ಬೈಕಿಗೆ ಕಿಕ್ ಇರಲಿಲ್ಲ. ತಳ್ಳಿ ಚಾಲೂ ಮಾಡಿಕೊಂಡು ಬರುವಷ್ಟರಲ್ಲಿ ಪರೀಕ್ಷೆಯ ಅರ್ಧ ಅವಧಿ ಕಳೆದಿತ್ತು. ಅಂಗಡಿಯೊಂದರಲ್ಲಿ ಬ್ಯಾಟರಿ ಹೋಗಿದೆ ಎಂದರು. ಸಾಲ ಮಾಡಿ ಹೊಸ ಬ್ಯಾಟರಿ ಹಾಕಿಸಿದ. ಎರಡು ದಿನ ನಡೆಯಿತು, ಮೂರನೆಯ ದಿನ ಮತ್ತೆ ಮೌನ. ಕೊನೆಗೆ ತಿಳಿದದ್ದಿಷ್ಟು: ಗುಂಡಿಯ ಒಳಗಿನ ಬೇಳೆಯಷ್ಟು ಅಗಲದ ತಾಮ್ರದ ತುಣುಕಿಗೆ ಕಿಲುಬು ಹಿಡಿದಿತ್ತು. ಅದನ್ನು ಶುಚಿ ಮಾಡಲು ಅರ್ಧ ಗಂಟೆ ಸಾಕಾಯಿತು.

ಈ ಪ್ರಸಂಗದಲ್ಲಿ ಆದ ನಷ್ಟಕ್ಕೆ ಕಾರಣ ಕಿಲುಬಲ್ಲ, ಪರೀಕ್ಷಿಸದೆ ತೀರ್ಮಾನಿಸಿದ್ದು. ಆದ್ದರಿಂದ ಸ್ವಿಚ್ಚನ್ನು ಬಿಚ್ಚುವುದು ಹೇಗೆ ಎಂಬುದಕ್ಕಿಂತ ಮೊದಲು, ದೋಷ ಸ್ವಿಚ್ಚಿನದೇ ಎಂದು ನಿಶ್ಚಯಿಸುವುದು ಹೇಗೆ ಎಂಬುದನ್ನು ಅರಿಯಬೇಕು. ಈ ಲೇಖನದ ಉದ್ದೇಶವೂ ಅದೇ.

ಒದೆಯುವುದರಿಂದ ಒತ್ತುವುದರವರೆಗೆ

ಕಳೆದ ಶತಮಾನದ ಬಹುಕಾಲ ನಮ್ಮ ದೇಶದ ಮೋಟಾರ್ ಸೈಕಲ್ಲುಗಳನ್ನು ಕಾಲಿನಿಂದ ಒದ್ದೇ ಚಾಲೂ ಮಾಡಬೇಕಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಕಿಕ್ ಮತ್ತು ಗೇರಿಗೆ ಒಂದೇ ಸನ್ನೆಯಿತ್ತು. ಅದನ್ನು ಹಿಂದಕ್ಕೆ ತಿರುಗಿಸಿ ಒದ್ದರೆ ಇಂಜಿನು ಎಚ್ಚರಗೊಳ್ಳುತ್ತಿತ್ತು, ಮುಂದಕ್ಕೆ ತಂದರೆ ಅದೇ ಗೇರಿನ ಕೆಲಸ ಮಾಡುತ್ತಿತ್ತು. ಅಂತಹ ಬೈಕಿನಲ್ಲಿ ಸ್ಟಾರ್ಟರ್ ಸ್ವಿಚ್ಚು ಕೆಡುವ ಪ್ರಶ್ನೆಯೇ ಇರಲಿಲ್ಲ.

ವಿದ್ಯುತ್ತಿನಿಂದ ಇಂಜಿನನ್ನು ತಿರುಗಿಸುವ ಆಲೋಚನೆ ಮಾತ್ರ ಹಳೆಯದು. ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಎರಡು ವರ್ಷಗಳ ಬಳಿಕ, 1914ರಲ್ಲಿ, ಅದೇ ದೇಶದ ಇಂಡಿಯನ್ ಮೋಟಾರ್ ಸೈಕಲ್ಲಿನ ಹೆಂಡೀ ಸ್ಪೆಷಲ್ ಎಂಬ ಮಾದರಿಯಲ್ಲಿ ಈ ವ್ಯವಸ್ಥೆಯನ್ನು ಅಳವಡಿಸಿದರು. ಆದರೆ ಆ ಕಾಲದ ಬ್ಯಾಟರಿಗಳು ಅಷ್ಟು ಭಾರ ತಾಳಲಿಲ್ಲ, ಪ್ರಯತ್ನ ನಿಂತುಹೋಯಿತು. ನಮ್ಮಲ್ಲಿ 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಗುಂಡಿ ಒತ್ತಿ ಹೊರಡುವ ಸುಖವನ್ನು ಜನರಿಗೆ ಪರಿಚಯಿಸಿತು. 2001ರ ಪಲ್ಸರ್ ಮುಂತಾದ ಬೈಕುಗಳ ನಂತರ ಅದು ಸಾಮಾನ್ಯ ಸವಾರನ ನಿರೀಕ್ಷೆಯಾಯಿತು. ಆ ಕಾಲದ ಬೈಕುಗಳೇ ಇಂದು ಹಳ್ಳಿಗಳಲ್ಲಿ ‘ಹಳೆಯ ಬೈಕು’ಗಳಾಗಿ ಓಡಾಡುತ್ತಿವೆ.

ಗುಂಡಿಯ ಹಿಂದಿನ ಎರಡು ದಾರಿಗಳು

ಗುಂಡಿಯನ್ನು ಒತ್ತಿದರೆ ಬ್ಯಾಟರಿಯ ವಿದ್ಯುತ್ತು ನೇರವಾಗಿ ಸ್ಟಾರ್ಟರ್ ಮೋಟರಿಗೆ ಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಅದು ಹಾಗಲ್ಲ. ಇಂಜಿನನ್ನು ತಿರುಗಿಸುವಾಗ ಆ ಮೋಟರು ಹತ್ತಾರು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅಷ್ಟು ಪ್ರವಾಹ ಹೆಬ್ಬೆರಳಿನ ಅಡಿಯ ಸಣ್ಣ ಗುಂಡಿಯ ಮೂಲಕ ಹರಿದರೆ ಅದು ಕರಗಿಹೋಗುತ್ತದೆ. ಆದ್ದರಿಂದ ಎರಡು ದಾರಿಗಳನ್ನು ಮಾಡಿರುತ್ತಾರೆ.

ಮೊದಲನೆಯದು ಕಿರುದಾರಿ. ಬ್ಯಾಟರಿಯಿಂದ ಫ್ಯೂಸು, ಅಲ್ಲಿಂದ ಕೀಲಿಯ ಸ್ವಿಚ್ಚು, ಅಲ್ಲಿಂದ ಸೆಲ್ಫ್ ಗುಂಡಿ, ಬಳಿಕ ರಿಲೇ ಎಂಬ ಪುಟ್ಟ ಡಬ್ಬಿಯೊಳಗಿನ ತಂತಿಸುರುಳಿ. ಕೊನೆಗೆ ಅರ್ತ್, ಎಂದರೆ ಬೈಕಿನ ಚೌಕಟ್ಟು. ಈ ದಾರಿಯಲ್ಲೇ ಕ್ಲಚ್ಚಿನ ಸ್ವಿಚ್ಚು ಅಥವಾ ನ್ಯೂಟ್ರಲ್ ಸ್ವಿಚ್ಚು ಕಾವಲುಗಾರನಂತೆ ನಿಂತಿರುತ್ತದೆ. ಗೇರಿನಲ್ಲಿದ್ದಾಗ ಬೈಕು ಥಟ್ಟನೆ ಮುನ್ನುಗ್ಗದಿರಲಿ ಎಂಬುದು ಅದರ ಉದ್ದೇಶ. ಈ ದಾರಿಯಲ್ಲಿ ಹರಿಯುವುದು ಮೂರು ನಾಲ್ಕು ಆಂಪಿಯರ್ ಮಾತ್ರ.

ಎರಡನೆಯದು ಹೆದ್ದಾರಿ. ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ರಿಲೇಯ ಇನ್ನೊಂದು ಭಾಗಕ್ಕೆ, ಅಲ್ಲಿಂದ ಸ್ಟಾರ್ಟರ್ ಮೋಟರಿಗೆ. ಕಿರುದಾರಿಯಲ್ಲಿ ವಿದ್ಯುತ್ತು ಹರಿದೊಡನೆ ರಿಲೇಯ ಸುರುಳಿ ಅಯಸ್ಕಾಂತವಾಗಿ, ಹೆದ್ದಾರಿಯ ಬಾಗಿಲನ್ನು ಎಳೆದು ಮುಚ್ಚಿ ಸಂಪರ್ಕ ಕೂಡಿಸುತ್ತದೆ. ಕೆರೆಯ ತೂಬನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬನ ಕೈಬಲಕ್ಕೆ ತೂಬಿನ ಬೆಣೆ ಮೇಲೇಳುತ್ತದೆ. ಕಾಲುವೆ ತುಂಬಿ ಹರಿಯುವುದು ಕೆರೆಯ ನೀರು. ನಮ್ಮ ಹೆಬ್ಬೆರಳು ಎತ್ತುವುದು ಬೆಣೆಯನ್ನಷ್ಟೇ.

ಸದ್ದಿನ ಸಾಕ್ಷ್ಯ

ವ್ಯಾಕರಣದಲ್ಲಿ ಅನುಕರಣಾವ್ಯಯಗಳನ್ನು ಓದುವಾಗ ‘ಪಟಪಟ’, ‘ಧಗಧಗ’ಗಳನ್ನು ಉದಾಹರಣೆಯಾಗಿ ಬರೆದು ಮುಂದೆ ಸಾಗುತ್ತೇವೆ. ಅನುಭವಿ ಮೆಕ್ಯಾನಿಕನಿಗೆ ಅವು ರೋಗಲಕ್ಷಣಗಳು. ಗುಂಡಿ ಒತ್ತಿದಾಗ ಕೇಳುವ ಸದ್ದಿನಿಂದಲೇ ದೋಷ ಯಾವ ದಾರಿಯಲ್ಲಿದೆ ಎಂಬುದನ್ನು ಆತ ಬಹುಮಟ್ಟಿಗೆ ಹೇಳಬಲ್ಲ.

‘ಟಕ್’ ಎಂದು ಒಮ್ಮೆ ಗಟ್ಟಿಯಾಗಿ ಕೇಳಿ, ಇಂಜಿನು ತಿರುಗದಿದ್ದರೆ ಗುಂಡಿ ನಿರ್ದೋಷಿ. ರಿಲೇ ತನ್ನ ಬಾಗಿಲನ್ನು ಎಳೆದುಕೊಂಡಿದೆ, ಎಂದರೆ ಕಿರುದಾರಿ ಸರಿಯಾಗಿದೆ. ಆಗ ಬ್ಯಾಟರಿಯ ತುದಿಗಳು ಸಡಿಲವಾಗಿವೆಯೇ, ರಿಲೇಯ ಒಳಗಿನ ಬಾಗಿಲು ಸುಟ್ಟಿದೆಯೇ, ಮೋಟರಿನ ಕಾರ್ಬನ್ ಬ್ರಷ್ಷು ಸವೆದಿದೆಯೇ ಎಂದು ನೋಡಬೇಕು.

‘ಟಕಟಕಟಕ’ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ದುರ್ಬಲವಾಗಿರುವ ಸಂಭವ ಹೆಚ್ಚು. ರಿಲೇ ಎಳೆದೊಡನೆ ಮೋಟರಿನ ಭಾರಕ್ಕೆ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ, ರಿಲೇ ಬಿಡುತ್ತದೆ. ವೋಲ್ಟೇಜು ಚೇತರಿಸುತ್ತದೆ, ಮತ್ತೆ ಎಳೆಯುತ್ತದೆ.

ಏನೂ ಕೇಳದಿದ್ದರೆ, ಅಥವಾ ಗುಂಡಿಯನ್ನು ಬಲವಾಗಿಯೋ ಓರೆಯಾಗಿಯೋ ಒತ್ತಿದಾಗ ಮಾತ್ರ ಕೆಲಸ ನಡೆದರೆ, ಅನುಮಾನ ಕಿರುದಾರಿಯ ಮೇಲೆ ಬೀಳುತ್ತದೆ. ಓರೆಯಾಗಿ ಒತ್ತಿದಾಗ ನಡೆಯುತ್ತದೆ ಎಂಬುದು ಗುಂಡಿಯ ವಿರುದ್ಧದ ಬಲವಾದ ಸಾಕ್ಷ್ಯ.

ಗುಂಡಿಯಿಂದ ಬೆರಳು ತೆಗೆದರೂ ಮೋಟರು ‘ಗರ್ರ್’ ಎನ್ನುತ್ತಲೇ ಇದ್ದರೆ ತಕ್ಷಣ ಕೀಲಿ ತಿರುಗಿಸಿ ಆರಿಸಬೇಕು. ಆಗ ನಿಂತರೆ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು. ಕೀಲಿ ತೆಗೆದರೂ ನಿಲ್ಲದಿದ್ದರೆ ರಿಲೇಯ ಬಾಗಿಲೇ ಬೆಸೆದುಕೊಂಡಿದೆ; ಬ್ಯಾಟರಿಯ ಋಣ ತುದಿಯನ್ನು ಕೂಡಲೇ ಬಿಚ್ಚಬೇಕು.

ಸ್ವಿಚ್ಚಿನ ಮೇಲಿನ ಆರೋಪವನ್ನು ಸಾಬೀತು ಮಾಡುವುದು

ಸದ್ದೇ ಇಲ್ಲದ ಬೈಕಿನಲ್ಲಿ ಮೊದಲು ಸುಲಭವಾದವನ್ನು ನೋಡಬೇಕು. ಕಿಲ್ ಸ್ವಿಚ್ಚು ಇರುವ ಬೈಕಾದರೆ ಅದು ಸರಿಯಾದ ಸ್ಥಾನದಲ್ಲಿದೆಯೇ? ಗೇರು ನ್ಯೂಟ್ರಲಿನಲ್ಲಿದೆಯೇ? ಕ್ಲಚ್ಚನ್ನು ಪೂರ್ತಿ ಹಿಡಿದರೆ ನಡೆಯುತ್ತದೆಯೇ? ಫ್ಯೂಸು ಉಳಿದಿದೆಯೇ? ಹಾರ್ನು ಜೋರಾಗಿ ಕೂಗುತ್ತದೆಯೇ? ಇಲ್ಲಿ ಒಂದು ಎಚ್ಚರಿಕೆ: ಹಳೆಯ ಬೈಕುಗಳಲ್ಲಿ ಹೆಡ್‌ಲೈಟು ಅನೇಕ ವೇಳೆ ಇಂಜಿನು ಓಡುವಾಗ ಹುಟ್ಟುವ ವಿದ್ಯುತ್ತಿನಿಂದಲೇ ಉರಿಯುತ್ತದೆ. ನಿಂತ ಬೈಕಿನಲ್ಲಿ ಅದು ಹತ್ತದಿದ್ದರೆ ಬ್ಯಾಟರಿ ಸತ್ತಿದೆ ಎಂದು ತಿಳಿಯಬಾರದು. ಹಾರ್ನು ಮತ್ತು ಇಂಡಿಕೇಟರುಗಳೇ ನಂಬತಕ್ಕ ಸಾಕ್ಷಿಗಳು. ಮಲ್ಟಿಮೀಟರ್ ಇದ್ದರೆ, ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜು ಮಾಡಿಸಬೇಕು.

ಇವೆಲ್ಲ ಸರಿಯಿದ್ದರೆ ಗುಂಡಿಯ ತಂತಿಗಳತ್ತ ಬರಬೇಕು. ಬಹಳಷ್ಟು ಬೈಕುಗಳಲ್ಲಿ ಅವು ಹೆಡ್‌ಲೈಟಿನ ಹಿಂದೆ ಒಂದು ಕನೆಕ್ಟರಿನಲ್ಲಿ ಸೇರುತ್ತವೆ. ಅದೇ ಕನೆಕ್ಟರಿನಲ್ಲಿ ದೀಪದ ಸ್ವಿಚ್ಚಿನ ತಂತಿಗಳೂ ಇರಬಹುದಾದ್ದರಿಂದ, ಸೆಲ್ಫಿನ ಎರಡು ತಂತಿಗಳು ಯಾವುವು ಎಂಬುದನ್ನು ಆ ಮಾದರಿಯ ವೈರಿಂಗ್ ನಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬಳಿಕ ಬೈಕನ್ನು ನ್ಯೂಟ್ರಲಿನಲ್ಲಿ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೀಲಿ ತಿರುಗಿಸಿ, ಕ್ಲಚ್ ಹಿಡಿದು, ಆ ಎರಡು ತಂತಿಗಳನ್ನು ಚಿಕ್ಕ ವೈರಿನ ತುಂಡಿನಿಂದ ಕ್ಷಣಕಾಲ ಕೂಡಿಸಬೇಕು. ಮೋಟರು ತಿರುಗಿದರೆ ಗುಂಡಿಯೇ ತಪ್ಪಿತಸ್ಥ. ತಿರುಗದಿದ್ದರೆ ಗುಂಡಿಯನ್ನು ಬಿಚ್ಚುವ ಅಗತ್ಯವಿಲ್ಲ. ಕ್ಲಚ್ ಸ್ವಿಚ್ಚು, ರಿಲೇ ಮತ್ತು ಅರ್ತ್ ಕಡೆ ಹುಡುಕಬೇಕು.

ಮಲ್ಟಿಮೀಟರಿನಿಂದ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಸಾಧ್ಯ. ಕನೆಕ್ಟರನ್ನು ಬಿಡಿಸದೆ, ಗುಂಡಿಯ ಎರಡು ತಂತಿಗಳಿಗೆ ಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿ ಗುಂಡಿ ಒತ್ತಬೇಕು. ಒಳ್ಳೆಯ ಸ್ವಿಚ್ಚಿನಲ್ಲಿ ಒತ್ತಿದಾಗ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಎರಡು, ಮೂರು, ಆರು ವೋಲ್ಟ್ ಉಳಿದರೆ ಅಷ್ಟು ವೋಲ್ಟೇಜನ್ನು ಕಿಲುಬು ನುಂಗುತ್ತಿದೆ ಎಂದರ್ಥ. ಲೆಕ್ಕ ಸರಳವಾಗಿದೆ. ರಿಲೇ ಸುರುಳಿಯ ರೋಧ 4 ಓಮ್ ಎಂದಿಟ್ಟುಕೊಳ್ಳೋಣ. ಕಿಲುಬು ಹಿಡಿದ ಸಂಪರ್ಕವೂ 4 ಓಮ್ ರೋಧ ಒಡ್ಡಿದರೆ, 12 ವೋಲ್ಟಿನಲ್ಲಿ ಅರ್ಧ ಅಲ್ಲೇ ಖರ್ಚಾಗಿ ರಿಲೇಗೆ ದೊರೆಯುವುದು 6 ವೋಲ್ಟ್ ಮಾತ್ರ. ಬೆಣೆ ಅಲುಗಬಹುದು, ಮೇಲೇಳದು.

ಈ ಪರೀಕ್ಷೆಯನ್ನು ರಿಲೇ ಜೋಡಿಸಿದ್ದಾಗಲೇ ಮಾಡಬೇಕು. ಬಿಡಿಸಿಟ್ಟ ಸ್ವಿಚ್ಚನ್ನು ಮೀಟರಿನ ‘ಬೀಪ್’ ಸದ್ದಿನಿಂದಷ್ಟೇ ಪರೀಕ್ಷಿಸಿದರೆ ಮೋಸ ಹೋಗುವ ಸಂಭವವುಂಟು. ಮೀಟರಿನ ಅತ್ಯಲ್ಪ ಪ್ರವಾಹಕ್ಕೆ ದಾರಿ ಬಿಡುವ ಸಂಪರ್ಕವು ರಿಲೇಯ ಮೂರು ಆಂಪಿಯರಿಗೆ ದಾರಿ ಬಿಡದೆ ಇರಬಹುದು.

ಬಿಚ್ಚುವುದು, ಶುಚಿ ಮಾಡುವುದು, ಕೂಡಿಸುವುದು

ಕೆಲಸಕ್ಕೆ ಮೊದಲು ಕೀಲಿ ತೆಗೆದು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಈ ಒಂದು ಹೆಜ್ಜೆಯನ್ನು ಬಿಡಲೇಬಾರದು. ಸ್ವಿಚ್ ಪೆಟ್ಟಿಗೆಯ ಕೆಳಗೆ ಸಾಮಾನ್ಯವಾಗಿ ಎರಡು ಸ್ಕ್ರೂಗಳಿರುತ್ತವೆ. ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನೇ ಬಳಸಬೇಕು. ಬಿಗಿದುಕೊಂಡಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ಅವಸರದಲ್ಲಿ ಸ್ಕ್ರೂವಿನ ತಲೆ ಸವೆದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನದ್ದಾಗುತ್ತದೆ. ನೆಲದ ಮೇಲೆ ಬಿಳಿಯ ಬಟ್ಟೆ ಹಾಸುವುದು ಒಳಿತು. ಗುಂಡಿಯ ಹಿಂದಿನ ಸ್ಪ್ರಿಂಗು ಚಿಮ್ಮಿ ನಮ್ಮ ಎರೆಮಣ್ಣಿನಲ್ಲಿ ಬಿದ್ದರೆ ಮತ್ತೆ ಸಿಗುವುದು ಕಷ್ಟ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಕೂಡಿಸುವಾಗ ಯಾರನ್ನೂ ಕೇಳಬೇಕಾಗುವುದಿಲ್ಲ.

ಒಳಗೆ ಕಾಣುವುದು ಎರಡು ಬಗೆಯ ಹಾನಿ. ಒಂದು, ತಾಮ್ರ ಹಿತ್ತಾಳೆಗಳ ಮೇಲಿನ ಹಸಿರು ಕಿಲುಬು. ಇದು ನೀರಿನ ಕೆಲಸ. ಇನ್ನೊಂದು, ಕಪ್ಪು ಮಸಿ ಮತ್ತು ಸಣ್ಣ ಗುಳಿಗಳು. ಇದು ಕಿಡಿಯ ಕೆಲಸ. ಗುಂಡಿಯನ್ನು ಬಿಟ್ಟಾಗಲೆಲ್ಲ ರಿಲೇ ಸುರುಳಿಯ ಅಯಸ್ಕಾಂತ ಶಕ್ತಿ ಒಮ್ಮೆಲೇ ಕುಸಿದು, ಬೇರ್ಪಡುವ ಲೋಹಗಳ ನಡುವೆ ಕಿರುಕಿಡಿ ಹಾರುತ್ತದೆ. ವರ್ಷಗಟ್ಟಲೆ ಹಾಗೆ ಹಾರಿದ ಕಿಡಿಗಳ ಗುರುತೇ ಆ ಗುಳಿಗಳು.

ಮೊದಲು ಮೃದುವಾದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳನ್ನು ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ತೊಳೆಯಬೇಕು. ಪೆಟ್ರೋಲು ಬೇಡ, ಅದು ಬೆಂಕಿಗೂ ದಾರಿ, ಪ್ಲಾಸ್ಟಿಕ್ಕಿಗೂ ಹಾನಿ. ಉಳಿದ ಕಿಲುಬನ್ನು ಅತಿ ನಯವಾದ ಪಾಲಿಶ್ ಪೇಪರಿನ ಸಣ್ಣ ಪಟ್ಟಿಯಿಂದ ಲೋಹದ ಹೊಳಪು ಕಾಣುವವರೆಗೆ ಮಾತ್ರ ಉಜ್ಜಬೇಕು. ಒರಟು ಕಾಗದ ಅಥವಾ ಅರ ಬಳಸಿದರೆ ಸಂಪರ್ಕದ ಮೇಲ್ಮೈ ಗೀರಿ, ಬೇಗನೆ ಮತ್ತೆ ಕೆಡುತ್ತದೆ. ಮನೆಯಲ್ಲಿ ತಾಮ್ರದ ತಂಬಿಗೆಯ ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕುವುದುಂಟು. ಆ ಉಪಾಯವನ್ನು ಇಲ್ಲಿ ಮಾಡಬಾರದು. ತಂಬಿಗೆಯನ್ನು ನೀರಿನಲ್ಲಿ ತೊಳೆದು ಹುಳಿಯನ್ನು ಪೂರ್ತಿ ತೆಗೆಯಬಹುದು, ಸ್ವಿಚ್ಚಿನ ಸಂದುಗಳಲ್ಲಿ ಹುಳಿ ಉಳಿದು ಹೊಸ ಕಿಲುಬನ್ನು ಹುಟ್ಟಿಸುತ್ತದೆ.

ಬಳಿಕ ತಂತಿಯ ಬೆಸುಗೆಯನ್ನು ಮೆಲ್ಲನೆ ಎಳೆದು ನೋಡಬೇಕು. ಬಿಟ್ಟಿದ್ದರೆ ಮತ್ತೆ ಬೆಸೆದು, ತೆರೆದ ಭಾಗಕ್ಕೆ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಬೇಕು. ಗುಂಡಿ ಜಾರುವ ಪ್ಲಾಸ್ಟಿಕ್ ಭಾಗಕ್ಕೆ ಸಿಲಿಕೋನ್ ಗ್ರೀಸನ್ನು ಎಳ್ಳಿನಷ್ಟು ಹಚ್ಚಿದರೆ ಸಾಕು.

ಕೂಡಿಸುವಾಗ ತಂತಿ ಎರಡು ಹೋಳುಗಳ ನಡುವೆ ಸಿಕ್ಕಿಕೊಳ್ಳದಂತೆ ನೋಡಬೇಕು. ಅನೇಕ ಬೈಕುಗಳಲ್ಲಿ ಇದೇ ಪೆಟ್ಟಿಗೆಯೊಳಗೆ ಎಕ್ಸಲರೇಟರಿನ ಕೇಬಲ್ಲೂ ಹಾದುಹೋಗುತ್ತದೆ. ಆದ್ದರಿಂದ ಸ್ಕ್ರೂ ಬಿಗಿದ ಮೇಲೆ, ಇಂಜಿನು ಚಾಲೂ ಮಾಡುವ ಮುನ್ನ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಎಕ್ಸಲರೇಟರು ಬಿಟ್ಟೊಡನೆ ತಾನಾಗಿ ಹಿಂದಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ಸೆಲ್ಫು ಕೆಟ್ಟರೆ ತಳ್ಳಿಕೊಂಡಾದರೂ ಊರು ಸೇರಬಹುದು. ಎಕ್ಸಲರೇಟರು ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಬದಲಿಸಬೇಕಾದಾಗ

ಪ್ಲಾಸ್ಟಿಕ್ಕು ಕರಗಿದ್ದರೆ, ಗುಂಡಿಯ ಕಿವಿ ಮುರಿದಿದ್ದರೆ, ಸಂಪರ್ಕದ ಲೋಹ ಸವೆದು ತೆಳ್ಳಗಾಗಿದ್ದರೆ, ಅಥವಾ ಶುಚಿ ಮಾಡಿದ ಕೆಲವೇ ದಿನಗಳಲ್ಲಿ ದೋಷ ಮರಳಿದರೆ ಹೊಸ ಸ್ವಿಚ್ಚನ್ನೇ ಹಾಕಬೇಕು. ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯುವುದು ಉತ್ತಮ. ಬೈಕಿನ ಮಾದರಿ, ತಯಾರಾದ ವರ್ಷ, ಕನೆಕ್ಟರಿನ ಆಕಾರ, ತಂತಿಗಳ ಸಂಖ್ಯೆ, ಈ ನಾಲ್ಕೂ ಹೊಂದಬೇಕು. ಒಂದೇ ಹೆಸರಿನ ಬೈಕಿನಲ್ಲಿಯೂ ವರ್ಷದಿಂದ ವರ್ಷಕ್ಕೆ ತಂತಿಯ ಬಣ್ಣ ಬದಲಾಗಿರಬಹುದು. ಕನೆಕ್ಟರು ಹೊಂದುವ ಸ್ವಿಚ್ಚು ಸಿಕ್ಕರೆ ಯಾವ ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಹೊಸದನ್ನು ಹ್ಯಾಂಡಲಿಗೆ ಕೂಡಿಸುವ ಮೊದಲೇ ಕನೆಕ್ಟರು ಸೇರಿಸಿ ಒಮ್ಮೆ ಒತ್ತಿ ನೋಡಬೇಕು.

ಮೂಲ ಮಾದರಿಯ ಸ್ವಿಚ್ಚು ಸಿಗದಿದ್ದಾಗ ಪ್ರತ್ಯೇಕ ಗುಂಡಿಯೊಂದನ್ನು ಅಳವಡಿಸುವುದು ರೂಢಿಯಲ್ಲಿದೆ. ಅದು ರಿಲೇಯ ಕಿರುದಾರಿಯಲ್ಲಿ, ಹಳೆಯ ಗುಂಡಿಯ ಸ್ಥಾನದಲ್ಲಿಯೇ ಇರಬೇಕು. ಕ್ಲಚ್ ಸ್ವಿಚ್ಚನ್ನು ತಪ್ಪಿಸಿ ನೇರವಾಗಿ ಜೋಡಿಸಿದರೆ ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಿಟ್ಟಂತೆ. ಗೇರಿನಲ್ಲಿರುವ ಬೈಕಿನ ಗುಂಡಿಯನ್ನು ಮನೆಯ ಮಗು ಒತ್ತಿದರೂ ಅದು ಮುನ್ನುಗ್ಗುತ್ತದೆ.

ರಿಲೇಯ ಎರಡು ದಪ್ಪ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಕೂಡಿಸಿ ಚಾಲೂ ಮಾಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಹರಿಯುವುದು ಹೆದ್ದಾರಿಯ ಪ್ರವಾಹ. ದೊಡ್ಡ ಕಿಡಿ ಹಾರುತ್ತದೆ, ಲೋಹ ಕರಗುತ್ತದೆ; ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಹತ್ತಿರದಲ್ಲಿದ್ದರೆ ಹೊತ್ತಿಕೊಳ್ಳಬಹುದು. ಇದು ಜಾಣತನವೆಂದು ಕಂಡರೂ ಅನುಸರಿಸತಕ್ಕದ್ದಲ್ಲ.

ಮುನ್ನೆಚ್ಚರಿಕೆ ಸುಲಭ. ಬೈಕು ತೊಳೆಯುವಾಗ ಹ್ಯಾಂಡಲಿನ ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಬೇಕು, ನೀರನ್ನು ರಭಸದಿಂದ ಬಿಡಬಾರದು. ಕುಂಕುಮ ಗಂಧಗಳನ್ನು ಟ್ಯಾಂಕಿಗೋ ಚಕ್ರಕ್ಕೋ ಹಚ್ಚಿದರೂ ಪೂಜೆ ಸಲ್ಲುತ್ತದೆ. ಗುಂಡಿಯನ್ನು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ನಡುವೆ ಬಿಡುವು ಕೊಡಬೇಕು.

ಕನ್ನಡದ ಮಾತು

ಇದು ಕನ್ನಡ ವಿಭಾಗದ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಶಾಸ್ತ್ರಸಾಹಿತ್ಯವನ್ನು ಓದಿದವರಿಗೆ ಆ ಸಂಶಯ ಉಳಿಯಬಾರದು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಗುರುತಿಸುವುದನ್ನೂ ಗಿಡಮರಗಳ ಆರೈಕೆಯನ್ನೂ ಅಡುಗೆಯನ್ನೂ ಕನ್ನಡದಲ್ಲಿ ಹೇಳಿದನು. ಚಾಲುಕ್ಯ ವಂಶದವನೇ ಆದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಅಂದಿನ ಒಕ್ಕಲಿಗನಿಗೆ ಎತ್ತೇ ವಾಹನ. ಅದರ ಕಾಯಿಲೆಯನ್ನು ಲಕ್ಷಣದಿಂದ ಅರಿತು ಮದ್ದು ಮಾಡುವ ಜ್ಞಾನ ಕನ್ನಡದಲ್ಲಿ ಇರಬೇಕೆಂಬುದನ್ನು ಆತ ಕಂಡುಕೊಂಡಿದ್ದ. ವಳಸಂಗ, ಅಕ್ಕಲಕೋಟೆಗಳ ಈ ನೆಲವೂ ಆ ಚಾಲುಕ್ಯರ ನಾಡೇ ಆಗಿತ್ತು.

ಇಂದು ಗ್ಯಾರೇಜಿನಲ್ಲಿ ಕೇಳುವ ಭಾಷೆ ಕನ್ನಡ, ಮರಾಠಿ, ಇಂಗ್ಲಿಷುಗಳ ಹದವಾದ ಬೆರಕೆ. ರಿಲೇ, ಫ್ಯೂಸು, ಕ್ಲಚ್ಚು ಕನ್ನಡದ್ದೇ ಪದಗಳಾಗಿಬಿಟ್ಟಿವೆ; ಅವನ್ನು ಹೊರದೂಡಿ ಯಾರ ನಾಲಿಗೆಗೂ ಒಗ್ಗದ ಪದಗಳನ್ನು ಕಟ್ಟಬೇಕಾಗಿಲ್ಲ. ಹಾಗೆಯೇ ನಮ್ಮಲ್ಲಿರುವ ನಿಖರವಾದ ಪದಗಳನ್ನು ಮರೆಯಲೂಬಾರದು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಸ್ಕ್ರೂ ಬಿಚ್ಚಲು ಬಾರದಿದ್ದರೆ ತುಕ್ಕಿನ ಮದ್ದು ಬೇಕು, ಗುಂಡಿ ಕೆಲಸ ಮಾಡದಿದ್ದರೆ ಕಿಲುಬಿನ ಮದ್ದು ಬೇಕು. ಎರಡು ದೋಷಗಳಿಗೆ ಎರಡು ಹೆಸರಿಟ್ಟ ಭಾಷೆ ದುರಸ್ತಿಯ ಅರ್ಧ ದಾರಿಯನ್ನು ಆಗಲೇ ತೋರಿಸಿದೆ.

ಆ ವಿದ್ಯಾರ್ಥಿ ಈಗ ತನ್ನ ಊರಿನಲ್ಲಿ ಬೈಕು ಚಾಲೂ ಆಗದವರಿಗೆ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ: “ಗುಂಡಿ ಒತ್ತಿದಾಗ ಸದ್ದು ಹ್ಯಾಂಗ ಬರ್ತದ?” ಉತ್ತರ ಕೇಳಿದ ಮೇಲೆಯೇ ಸ್ಕ್ರೂಡ್ರೈವರಿಗೆ ಕೈ ಹಾಕುತ್ತಾನೆ.